ಎರವಲು ಪಾದ

"ಏನಮ್ಮಿ ಮುದ್ಕಿ, ಸಾಯೋ ಎಮ್ಮೆ ಥರ ಕಾಲೆಳೀತಾ ಇದ್ದೀಯಲ್ಲ. ಇದೇನು ನಿನ್ ಗಂಡನ ಮನೆ ಜಗ್ಲಿ ಅಂದ್ಕಂಡ್ಯಾ? ಕಾಲೆತ್ತಿಡು. ಇಲ್ದಿದ್ರೆ ಆ ಕೋಳಿ ಜೊತೆ ನಿನ್ನೂ ಕೊಕ್ಕೆಗೆ ನೇತಾಕ್ತೀನಿ."

ಜರ್ಮನಿಯ ಆ ಕೋಳಿಮಾಂಸದ ಕಾರ್ಖಾನೆಯಲ್ಲಿ ಬೆಲ್ಟಿನ ಗದ್ದಲವನ್ನೂ ಮೀರಿಸುವಂಥ ದನಿ ದೊರಿನೆಲ್‌ನದು. ಚಾಕು ಮಸೆದುಕೊಂಡು ತನ್ನ ಜಾಗಕ್ಕೆ ಮರಳುತ್ತಿದ್ದ ಸ್ಮರಂದ ತಲೆಯೆತ್ತಲಿಲ್ಲ. ಹಲ್ಲು ಕಚ್ಚಿ ಎಡಗಾಲನ್ನು ಎತ್ತಿಟ್ಟಳು, ಜಾಗ ಸೇರಿದಳು, ಬಂದು ಬಿದ್ದಿದ್ದ ಟರ್ಕಿ ಕೋಳಿಯ ತೊಡೆಯೊಂದನ್ನು ಹಿಡಿದು ಸೀಳಿದಳು. ಮೂಳೆ ಕಿತ್ತು ಮಾಂಸವನ್ನು ಬೆಲ್ಟಿಗೆ ಹಾಕುವಷ್ಟರಲ್ಲಿ ಇನ್ನೆರಡು ಬಂದಿದ್ದವು. ಬೆಳಗಿನಿಂದ ಸಂಜೆಯವರೆಗೆ ಅವಳ ಬದುಕು ಇಷ್ಟೇ. ಇದರಲ್ಲಿ ಕೈಗೆ ಕೆಲಸವಿತ್ತು, ಕಾಲಿಗೆ ಶಿಕ್ಷೆ.

ದೊರಿನೆಲ್ ಮೇಸ್ತ್ರಿ. ಸ್ಮರಂದಳ ಹಳ್ಳಿಯಿಂದ ಒಂದು ಗುಡ್ಡ ದಾಟಿದರೆ ಅವನ ಹಳ್ಳಿ. ಜರ್ಮನರು ಬೈದರೆ ರುಮೇನಿಯದವರಿಗೆ ನಾಟುವುದಿಲ್ಲ, ಅದಕ್ಕೇ ಬೈಯಲು ನಮ್ಮೂರಿನವನನ್ನೇ ಸಂಬಳ ಕೊಟ್ಟು ಇಟ್ಟಿದ್ದಾರೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಅದು ನಿಜವೂ ಹೌದು. ಕಾರ್ಖಾನೆಯ ಯಜಮಾನಿಕೆ ನೋಡಿಕೊಳ್ಳುವ ಹೋಲ್ಟ್‌ಕಾಂಪ್ ಎಂದೂ ದನಿ ಎತ್ತಿದವನಲ್ಲ. ಅವನ ಪಾಲಿನ ಕೂಗಾಟವನ್ನೆಲ್ಲ ದೊರಿನೆಲ್ ಕೂಗುತ್ತಿದ್ದ.

ಕಾಲಿನ ಕಥೆಗೆ ಬೂಟೇ ಮೂಲ. ಬಿಳಿ ರಬ್ಬರಿನ ಬೂಟು, ಮುಂದೆ ಬೆರಳುಗಳ ಮೇಲೆ ಉಕ್ಕಿನ ಟೊಪ್ಪಿ. ಕಳೆದ ವರ್ಷ ಮಾಂಸದ ಪೆಟ್ಟಿಗೆ ಜಾರಿ ಒಬ್ಬಳ ಕಾಲ ಮೇಲೆ ಬಿದ್ದಾಗ ಆ ಟೊಪ್ಪಿ ಅವಳ ಬೆರಳು ಉಳಿಸಿತ್ತು, ಅದನ್ನು ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ಪೆಟ್ಟಿಗೆ ಬೀಳುವುದು ವರ್ಷಕ್ಕೊಮ್ಮೆ. ಬೂಟು ಕಾಲನ್ನು ತಿನ್ನುವುದು ದಿನಾ. ಬೂಟುಗಳೆಲ್ಲ ಗಂಡಸರ ಅಳತೆಯವು. ಹೆಂಗಸರ ಪಾದ ಒಳಗೆ ಜಾರಿ, ಪ್ರತಿ ಹೆಜ್ಜೆಗೂ ಬೆರಳು ಹೋಗಿ ಉಕ್ಕಿಗೆ ಬಡಿಯುತ್ತಿತ್ತು. ಚಿಕ್ಕದು ಹುಡುಕಿ ಹಾಕಿಕೊಂಡರೆ ಅಗಲ ಸಾಲದೆ ಪಕ್ಕದ ಕೀಲು ಉಬ್ಬಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಯಾವ ಬೂಟೂ ಯಾರದ್ದೂ ಅಲ್ಲ. ಪಾಳಿ ಮುಗಿದೊಡನೆ ಎಲ್ಲವನ್ನೂ ಔಷಧಿ ನೀರಿನಲ್ಲಿ ತೊಳೆದು ಗೂಟಗಳಿಗೆ ತಲೆಕೆಳಗಾಗಿ ಸಿಕ್ಕಿಸುತ್ತಿದ್ದರು. ಆರುವ ಮೊದಲೇ ಮುಂದಿನ ಪಾಳಿಯವರು ಬಂದು ಕೈಗೆ ಸಿಕ್ಕಿದ್ದನ್ನು ಏರಿಸಿಕೊಳ್ಳುತ್ತಿದ್ದರು. ಒಬ್ಬರ ಬೆವರಿಗೆ ಇನ್ನೊಬ್ಬರು ಕಾಲಿಡಬೇಕು, ಒಬ್ಬರ ಹುಣ್ಣನ್ನು ಇನ್ನೊಬ್ಬರು ತೊಡಬೇಕು.

ಇದ್ದ ಒಂದೇ ಕರುಣೆ ಎಂದರೆ ಕಾಲುಚೀಲದ ಬಿಡುವು. ಹೋದ ಚಳಿಗಾಲ ಒಬ್ಬಳು ತಲೆ ಸುತ್ತಿ ಬೆಲ್ಟಿನ ಮೇಲೆ ಬಿದ್ದ ಮೇಲೆ ಸಿಕ್ಕಿದ್ದು ಅದು. ಹತ್ತು ಗಂಟೆಗೆ ಬೆಲ್ಟು ನಿಂತರೆ, ಎಲ್ಲರೂ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕುಳಿತು ಬೂಟು ಕಳಚಿ, ನೀರಲ್ಲಿ ನೆನೆದ ಹಪ್ಪಳದಂತಾದ ಪಾದಗಳನ್ನು ಒರೆಸಿ, ಒಣಗಿದ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಆ ಹೊತ್ತಿಗಾಗಿಯೇ ಸ್ಮರಂದ ಬೆಳಗನ್ನು ತಳ್ಳುತ್ತಿದ್ದಳು. ಅವಳ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ, ಕಿತ್ತು ಬಂದು, ಈಗ ಅಲ್ಲಿ ಮಾಯದ ಗಾಯವೊಂದು ಕೂತಿತ್ತು.

ಆ ದಿನ ಬಿಡುವಿಗೆ ಕುಳಿತಾಗಲೇ ಹೋಲ್ಟ್‌ಕಾಂಪ್ ಒಳಗೆ ಬಂದ. ಹೆಂಗಸರು ಗಾಬರಿಯಲ್ಲಿ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಗುರುವಾರ ಪಾದದ ಡಾಕ್ಟರು ಬರುತ್ತಾರೆ, ವಿಮೆಯವರು ಕಳಿಸುತ್ತಿದ್ದಾರೆ, ಎಲ್ಲರ ಪಾದ ನೋಡುತ್ತಾರೆ, ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದ. ದೊರಿನೆಲ್ ಅದನ್ನು ಅವರ ಭಾಷೆಗೆ ತಿರುಗಿಸಿ, ಕೊನೆಗೆ ತನ್ನದೊಂದು ಮಾತು ಸೇರಿಸಿದ.

"ಕೆಟ್ಟೋಗಿರೋ ಕಾಲು ಯಾರದ್ದು ಅಂತ ಅವತ್ತು ಗೊತ್ತಾಯ್ತದೆ."

ಈ ಕೊನೆಯ ಮಾತು ಹೋಲ್ಟ್‌ಕಾಂಪ್‌ನದಲ್ಲ ಎಂಬುದು ಸ್ಮರಂದಳಿಗೆ ತಿಳಿಯಿತು. ಆರು ವರ್ಷದಲ್ಲಿ ಅಷ್ಟು ಜರ್ಮನ್ ಅವಳ ಕಿವಿಗೆ ಬಿದ್ದಿತ್ತು. ಆದರೆ ಯಾರ ಮಾತಾದರೇನು, ಎಡಗಾಲನ್ನು ಬೆಂಚಿನಡಿಗೆ ಇನ್ನಷ್ಟು ಎಳೆದುಕೊಂಡಳು.

ಅವತ್ತು ರಾತ್ರಿ ಅವರು ಮಲಗುವ ಕೋಣೆಯಲ್ಲಿ ಅನ್ನ ತಟ್ಟೆಯಲ್ಲೇ ಉಳಿಯಿತು ಎನ್ನಬಹುದು, ಅನ್ನವೆಂದರೆ ಮೆಕ್ಕೆಜೋಳದ ಮುದ್ದೆ ಮತ್ತು ಉಪ್ಪಿನ ಚೀಸು. ಕಾರ್ಖಾನೆಯೇ ಕೊಟ್ಟ ಕೋಣೆ, ಅದರಲ್ಲಿ ನಾಲ್ಕು ಮಂಚ. ಕೆಲಸ ಹೋದರೆ ಅದೇ ಸಂಜೆ ಮಂಚವೂ ಹೋಗುತ್ತದೆ. ಎರಡು ವರ್ಷದ ಹಿಂದೆ ಹೀಗೇ ಒಬ್ಬ ಡಾಕ್ಟರು ಬಂದು ಎಲ್ಲರ ಮಣಿಕಟ್ಟು ಹಿಚುಕಿ ನೋಡಿದ್ದ. ಬೆರಳು ಮರಗಟ್ಟುತ್ತದೆ ಎಂದು ಬಾಯಿಬಿಟ್ಟ ಮೂವರ ಮಂಚಗಳ ಮೇಲೆ ವಾರದಲ್ಲಿ ಹೊಸಬರು ಮಲಗಿದ್ದರು. ಆ ಹೊಸಬರಲ್ಲಿ ಒಬ್ಬಳು ಪರಸ್ಕಿವ. ಹಾಗಾಗಿ ಆ ಕಥೆಯನ್ನು ಅವಳೇ ಎಲ್ಲರಿಗಿಂತ ಹೆಚ್ಚು ನಂಬಿದ್ದಳು.

ಸ್ಮರಂದ ಗಾಯದ ಮೇಲೆ ಜಜ್ಜಿದ ಎಲೆಕೋಸಿನ ಎಲೆ ಇಟ್ಟು ಬಟ್ಟೆ ಸುತ್ತಿದಳು. ಊರಿನಲ್ಲಿ ಊತಕ್ಕೆ ಅದೇ ಮದ್ದು. ಈ ಡಾಕ್ಟರು ನಿಜವಾಗಿ ಮದ್ದು ಕೊಡಲು ಬರುತ್ತಿದ್ದಾರೋ ಏನೋ ಎಂದು ಅವಳು ಅಂದದ್ದೇ ತಡ, ಪರಸ್ಕಿವ ಮೇಲೆ ಬಿದ್ದಳು.

"ನಿಂಗೇನ್ ಬುದ್ಧಿ ಐತಾ? ಬೆಕ್ಕು ಇಲಿ ಮೈ ಸವ್ರೋಕೆ ಬತ್ತದಾ? ನಿನ್ ಎಬ್ಬೆಟ್ಟು ನೋಡಿದ್ರೆ ಡಾಕ್ಟ್ರೇನು, ಕಟುಕನೂ ಬ್ಯಾಡ ಅಂತಾನೆ. ನಾಳಿದ್ದು ಬಸ್ಸತ್ತಿಸ್ತಾರೆ, ನೋಡ್ತಿರು."

ಬಸ್ಸು ಎಂದ ಮೇಲೆ ಸ್ಮರಂದ ಸುಮ್ಮನಾದಳು. ಊರಿನಲ್ಲಿ ಅವಳಿಗೆ ಇದ್ದದ್ದು ಗಂಡನ ಅಣ್ಣತಮ್ಮಂದಿರು ಕಸಿದುಕೊಂಡ ಮನೆಯ ಹಿಂದುಗಡೆಯ ಒಂದು ಕೊಟ್ಟಿಗೆ. ಈ ಮಂಚ ಬಿಟ್ಟರೆ ಭೂಮಿಯ ಮೇಲೆ ತಲೆ ಇಡಲು ಅವಳದ್ದೆಂಬ ಜಾಗವೇ ಇರಲಿಲ್ಲ.

ಉಪಾಯ ಹೊಳೆದದ್ದೂ ಪರಸ್ಕಿವಳಿಗೇ. ಅವಳ ಅಪ್ಪ ಕಮ್ಯುನಿಸ್ಟ್ ಪಕ್ಷದ ಕಾಲದಲ್ಲಿ ಸರ್ಕಾರಿ ಫಾರಮ್ಮಿನಲ್ಲಿ ಹಂದಿ ಮೇಯಿಸುತ್ತಿದ್ದವನು.

"ದೊಡ್ಡ ಮನುಷ್ಯ ತನಿಖೆಗೆ ಬತ್ತಾನೆ ಅಂದ್ರೆ, ಜಿಲ್ಲೆಗೆಲ್ಲ ಇದ್ದ ನಾಕು ಕೊಬ್ಬಿದ ಅಂದಿಗಳ್ನ ಲಾರಿಗೆ ಏರ್ಸಿ, ಅವನ ಕಾರಿಗಿಂತ ಮುಂಚೆ ಊರಿಂದೂರಿಗೆ ಸಾಗಿಸೋರು. ಅವ್ನು ಎಲ್ಲಿಗೋದ್ರೂ ಅವೇ ಅಂದಿ. ಕೊನೆಗೆ ಅಂದಿಗಳೇ ಅವನ ಗುರ್ತು ಇಡ್ದು ಬಾಲ ಅಲ್ಲಾಡಿಸ್ತಿದ್ವಂತೆ. ನಮ್ ಅಪ್ಪನ ಕೆಲ್ಸ ಒಂದ್ಸಲಾನೂ ಓಗ್ಲಿಲ್ಲ."

ಹೇಳಿ, ಅವಳು ಎದುರು ಮಂಚದ ಮೇಲೆ ಕುಳಿತಿದ್ದ ಮಿರಾಬೆಲಳ ಕಾಲುಗಳನ್ನು ನೋಡಿದಳು. ಮಿರಾಬೆಲ ಬಂದು ಇನ್ನೂ ತಿಂಗಳೊಪ್ಪತ್ತು. ವಯಸ್ಸು ಇಪ್ಪತ್ತೆರಡು. ಅವಳ ಪಾದಗಳು ಇನ್ನೂ ಹೆತ್ತತಾಯಿ ಕೊಟ್ಟಂತೆಯೇ ಇದ್ದವು.

"ಅಂಗಾದ್ರೆ ನಾನೇ ಅಂದಿನಾ ಅತ್ತೆ?" ಎಂದಳು ಮಿರಾಬೆಲ.

ಬಹಳ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿತು. ಅವಳ ಬಲಗಾಲ ಹರಡಿನ ಕೆಳಗೆ ಅವರೆಕಾಳಿನಷ್ಟು ದೊಡ್ಡ ಮಚ್ಚೆಯಿತ್ತು. ಅದಕ್ಕೆ ಮುಖದ ಕ್ರೀಮು ಬಳಿದರಾಯಿತು ಎಂದು ತೀರ್ಮಾನವಾಯಿತು. ಟೊಪ್ಪಿ, ಬಾಯಿಗವಸು, ಬಿಳಿ ಕೋಟು ಹಾಕಿಕೊಂಡರೆ ಎಲ್ಲ ಹೆಂಗಸರೂ ಒಂದೇ. ಕೋಟಿನ ಮೇಲಿನ ಹೆಸರಿನ ಪಟ್ಟಿ ಬದಲಾದರೆ ಹೆಂಗಸೂ ಬದಲಾದಳು. ಇಡೀ ಸಾಲಿನಲ್ಲಿ ತೀರಾ ಕೆಟ್ಟ ಕಾಲಿನವರು ಆರು ಮಂದಿ. ಆರು ಸಲ ಹೋಗಿ ಬರಲು ಮಿರಾಬೆಲ ಒಪ್ಪಿದಳು.

ಗುರುವಾರ ಬಟ್ಟೆ ಬದಲಿಸುವ ಕೋಣೆಗೇ ಒಂದು ಪರದೆ ಕಟ್ಟಿದರು. ಕೆಳಗಿನಿಂದ ಬೆಳಕು ಬರುವ ಗಾಜಿನ ಪೆಟ್ಟಿಗೆಯೊಂದನ್ನು ನೆಲದ ಮೇಲಿಟ್ಟುಕೊಂಡು ಡಾಕ್ಟರಮ್ಮ ಸಣ್ಣ ಸ್ಟೂಲಿನ ಮೇಲೆ ಕುಳಿತಳು. ಪಕ್ಕದಲ್ಲಿ ದುಭಾಷಿಯಾಗಿ ದೊರಿನೆಲ್ ನಿಂತ. ಅವನು ಅಲ್ಲಿರುತ್ತಾನೆ ಎಂದು ಹೆಂಗಸರು ಎಣಿಸಿಯೇ ಇರಲಿಲ್ಲ. ಡಾಕ್ಟರಮ್ಮನ ಕಣ್ಣಿಗೆ ಮಣ್ಣೆರಚಬಹುದು, ಆದರೆ ದಿನಾ ಬೈಯುವವನಿಗೆ ಬೈಸಿಕೊಳ್ಳುವವರ ನಡಿಗೆ ಗೊತ್ತಿರುವುದಿಲ್ಲವೇ? ಅಷ್ಟರಲ್ಲಿ ಮಿರಾಬೆಲ ಪರಸ್ಕಿವಳ ಕೋಟು ತೊಟ್ಟು ಒಳಗೆ ಕಾಲಿಟ್ಟಾಗಿತ್ತು.

ಪರದೆಯ ಈಚೆ, ಬಟ್ಟೆ ಇಡುವ ಕಪಾಟುಗಳ ಹಿಂದೆ ಬರಿಗಾಲಲ್ಲಿ ಕುಳಿತಿದ್ದ ಸ್ಮರಂದ ಕಿವಿಗೊಟ್ಟಳು. ದೊರಿನೆಲ್ ಏನೂ ಅನ್ನಲಿಲ್ಲ. ಮಿರಾಬೆಲ ಹೊರಗೆ ಬಂದಳು, ಕೋಟು ಬದಲಿಸಿದಳು, ಇನ್ನೊಬ್ಬಳಾಗಿ ಮತ್ತೆ ಹೋದಳು. ಆಗಲೂ ಅವನು ತುಟಿ ಬಿಚ್ಚಲಿಲ್ಲ. ಮೂರನೆಯ ಸಲವೂ ಇಲ್ಲ. ಸ್ಮರಂದಳಿಗೆ ಭಯ ಹೋಗಿ ಅನುಮಾನ ಹತ್ತಿತು. ತನಗೆ ಲಾಭವಿಲ್ಲದೆ ದೊರಿನೆಲ್ ನೊಣವನ್ನೂ ಓಡಿಸುವವನಲ್ಲ. ಇವನು ಯಾಕೆ ಸುಮ್ಮನಿದ್ದಾನೆ?

ಡಾಕ್ಟರಮ್ಮ ಪ್ರತಿಯೊಬ್ಬರ ಪಾದವನ್ನೂ ಸ್ಪಿರಿಟ್ಟಿನಿಂದ ಒರೆಸುತ್ತಿದ್ದಳು. ಎರಡನೆಯ ಸಲಕ್ಕೇ ಕ್ರೀಮು ಹೋಗಿ ಮಚ್ಚೆ ಬಯಲಾಗಿತ್ತು ಎಂದು ಮಿರಾಬೆಲ ಕಪಾಟಿನ ಹಿಂದೆ ಬಂದು ಪಿಸುಗುಟ್ಟಿದಳು. ಆದರೆ ನಿಲ್ಲಿಸುವಂತಿರಲಿಲ್ಲ. ಐದು ಸಲ ಆಗಿತ್ತು, ಉಳಿದದ್ದು ಸ್ಮರಂದಳ ಕೋಟು.

ಹೆಸರು ಕೂಗಿದರು. ಪರದೆಯಾಚೆ ಡಾಕ್ಟರಮ್ಮ ಏನೋ ಕೇಳಿದಳು. ನೋವಿದೆಯೇ ಎಂಬ ಮಾತು ಸ್ಮರಂದಳ ಕಿವಿಗೆ ಸ್ಪಷ್ಟವಾಗಿ ಬಿತ್ತು, ಮೃದುವಾಗಿಯೂ ಬಿತ್ತು. ಆರು ವರ್ಷದಲ್ಲಿ ಯಾರೂ ಅವಳ ಹೆಸರು ಹಿಡಿದು ಆ ಪ್ರಶ್ನೆ ಕೇಳಿರಲಿಲ್ಲ. ಅದನ್ನು ದೊರಿನೆಲ್ ತಿರುಗಿಸಿದ್ದು ಹೀಗೆ:

"ನೋವಿಲ್ಲ ಅಂತ ತಲೆ ಆಡ್ಸೇ, ಲೌಡಿ."

ಮಿರಾಬೆಲ ತಲೆಯಾಡಿಸಿದ್ದಿರಬೇಕು. ಕಾಗದ ಮಗುಚಿದ ಸದ್ದಾಯಿತು. ಐವತ್ತಮೂರು ವರ್ಷ ಎಂದಿದೆಯಲ್ಲ ಎಂದಳು ಡಾಕ್ಟರಮ್ಮ. ಆಮೇಲೆ, ಪಾದಗಳನ್ನು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದಳು. ಆ ದನಿಯಲ್ಲಿ ನಗುವಿತ್ತೋ, ಸಿಟ್ಟಿತ್ತೋ, ಇವರ ಹಣೆಬರಹ ಇವರಿಗಿರಲಿ ಎಂಬ ಬೇಸರವಿತ್ತೋ, ಕಪಾಟಿನ ಹಿಂದಿನಿಂದ ತಿಳಿಯಲಿಲ್ಲ. ಸ್ಮರಂದ ಅರ್ಧ ಎದ್ದಳು. ಹೋಗಿ ಆ ಗಾಜಿನ ಮೇಲೆ ತನ್ನ ಕಾಲಿಟ್ಟುಬಿಡೋಣವೇ ಎನಿಸಿತು. ನಾಲ್ಕು ಹೆಜ್ಜೆಯ ದಾರಿ. ಆದರೆ ಮಂಚ ನೆನಪಾಯಿತು, ಕೊಟ್ಟಿಗೆ ನೆನಪಾಯಿತು. ಕುಳಿತುಬಿಟ್ಟಳು.

ಅಂದು ಸಂಜೆ ಪರಸ್ಕಿವ ಪ್ಲಮ್ ಹಣ್ಣಿನ ಸಾರಾಯಿ ಹೊರತೆಗೆದು ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಎಲ್ಲರೂ ಗೆದ್ದ ಸಂಭ್ರಮದಲ್ಲಿದ್ದರು. ಸ್ಮರಂದ ಮಾತ್ರ ತನ್ನ ಗುಟುಕನ್ನು ಹಾಗೇ ಹಿಡಿದು ಕುಳಿತಿದ್ದಳು. ದೊರಿನೆಲ್ ಯಾಕೆ ಸುಮ್ಮನಿದ್ದ ಎಂದು ಕೇಳಿದಳು. ಪರಸ್ಕಿವ ಅವಳ ಪಾಲಿನ ಗುಟುಕನ್ನೂ ತಾನೇ ಕುಡಿದು ಸೀಸೆಗೆ ಬಿರಟೆ ಹಾಕಿದಳು.

ಉತ್ತರ ಸೋಮವಾರ ಬಂತು. ಬೆಲ್ಟು ಶುರುವಾಗುವ ಮೊದಲು ಹೋಲ್ಟ್‌ಕಾಂಪ್ ಎಲ್ಲರನ್ನೂ ನಿಲ್ಲಿಸಿಕೊಂಡು ಡಾಕ್ಟರ ಅಭಿಪ್ರಾಯ ತಿಳಿಸಿದ. ಎಲ್ಲರ ಪಾದಗಳೂ ಆರೋಗ್ಯವಾಗಿವೆ, ಬೂಟುಗಳಲ್ಲಿ ಯಾವ ದೋಷವೂ ಇಲ್ಲ, ಕಂಪನಿಗೆ ಇದರಿಂದ ಬಹಳ ಸಂತೋಷವಾಗಿದೆ. ಹಾಗಾಗಿ ಹತ್ತು ಗಂಟೆಯ ಕಾಲುಚೀಲದ ಬಿಡುವಿನ ಅಗತ್ಯ ಇನ್ನು ಮುಂದೆ ಇರುವುದಿಲ್ಲ. ಇವತ್ತಿನಿಂದಲೇ.

ಹೋಲ್ಟ್‌ಕಾಂಪ್ ಹೋದ ಮೇಲೆ ದೊರಿನೆಲ್ ಸ್ಮರಂದಳ ಪಕ್ಕ ಬಂದು ನಿಂತ. ಇವತ್ತು ಅವನು ಕೂಗಲಿಲ್ಲ. ಮದುವೆ ಮನೆಯಲ್ಲಿ ಬೀಗರನ್ನು ಮಾತಾಡಿಸುವವನಂತೆ ಮೆಲ್ಲಗೆ ಮಾತಾಡಿದ.

"ಏನತ್ತೆ, ನಾ ನೋಡ್ಲಿಲ್ಲ ಅಂದ್ಕಂಡ್ರಾ? ಆವಮ್ಮ ಬಂದಿದ್ದೇ ಬೂಟು ಬದಲಾಯ್ಸೋಕೆ. ನಿಮ್ ಕೊಳೆತ ಕಾಲು ಕಂಡಿದ್ರೆ ಎಂಗಸ್ರ ಅಳ್ತೇದು, ಅಗಲ್ದು, ಒಬ್ಬೊಬ್ರಿಗೂ ಒಂದೊಂದು ಜೊತೆ ಕೊಡಿ ಅಂತ ಬರೀತಿದ್ಲು. ದೊರೆ ತಲೆ ಕೆಡಿಸ್ಕಂಡು ಕೂತಿದ್ದ. ನೀವೇ ಕಾಪಾಡುದ್ರಿ. ದೇವ್ರು ನಿಮ್ನ ಚೆನ್ನಾಗಿಟ್ಟಿರ್ಲಿ."

ಸ್ಮರಂದ ಅವನ ಮುಖವನ್ನೇ ನೋಡಿದಳು. ಇವನು ಹೇಳುವುದು ನಿಜವೋ, ಗಾಯಕ್ಕೆ ಉಪ್ಪು ಹಾಕಲು ಕಟ್ಟಿದ ಕಥೆಯೋ? ನಿಜವೇ ಆಗಿದ್ದರೆ ಆ ಡಾಕ್ಟರಮ್ಮ ಒಂದೇ ಮಚ್ಚೆಯನ್ನು ಅಷ್ಟು ಸಲ ನೋಡಿ ಯಾಕೆ ಬಾಯಿ ಮುಚ್ಚಿಕೊಂಡಳು? ಯಾರನ್ನು ನಂಬುವುದು ಎಂದು ತಿಳಿಯದೆ ಅವಳಿಗೆ ರೋಷ ಉಕ್ಕಿಬಂತು, ಹೆಚ್ಚಿನ ಪಾಲು ತನ್ನ ಮೇಲೆಯೇ. ಯಾರೋ ಬಂದು ಕಿತ್ತುಕೊಂಡದ್ದಲ್ಲ ಇದು. ತಾವೇ ಕೂಡಿ ಕೋಣೆಯಲ್ಲಿ ನಗುನಗುತ್ತಾ ತೆಗೆದ ಗುಂಡಿ.

ಮಾರನೆಯ ದಿನ ಅವಳು ಹೋಲ್ಟ್‌ಕಾಂಪ್‌ನ ಗಾಜಿನ ಕೋಣೆಗೆ ಹೋದಳು. ಒಬ್ಬಳೇ ಹೋದಳು, ದೊರಿನೆಲ್‌ನನ್ನು ಕರೆಯಲಿಲ್ಲ. ತನಗೆ ಬಂದಷ್ಟು ಜರ್ಮನ್‌ನಲ್ಲಿ, ನನ್ನ ಕಾಲು ಚೆನ್ನಾಗಿಲ್ಲ, ಬಿಡುವು ಬೇಕು ಎಂದಳು. ಹೋಲ್ಟ್‌ಕಾಂಪ್ ಕುರ್ಚಿ ತೋರಿಸಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಏನೋ ಹುಡುಕಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ.

"ನಿನ್ನ ಪಾದ ಡಾಕ್ಟರು ನೋಡಿದ್ದಾರೆ. ಹದಿಹರೆಯದ ಹುಡುಗಿಯ ಪಾದದ ಹಾಗಿದೆ ಅಂದಿದ್ದಾರೆ. ಈಗ ನೀನು ಬಂದು ಬೇರೆ ಹೇಳ್ತಿದ್ದೀಯ. ಹಾಗಾದ್ರೆ ಡಾಕ್ಟರು ಸುಳ್ಳು ಹೇಳಿದ್ರಾ, ನೀನು ಹೇಳ್ತಿದ್ದೀಯಾ?"

ಅವಳು ಉತ್ತರದ ಬದಲು ಬಾಗಿ ಬೂಟಿಗೆ ಕೈ ಹಾಕಿದಳು. ಹೋಲ್ಟ್‌ಕಾಂಪ್ ಕೈ ಅಡ್ಡ ಹಿಡಿದ. ಇಲ್ಲಿ ಬಿಚ್ಚಬೇಡ ಎಂದ. ಇದು ಆಹಾರದ ಜಾಗ, ಸ್ವಚ್ಛತೆ ಮುಖ್ಯ ಎಂದ. ಅಷ್ಟು ಹೇಳಿ ಮೇಜಿನ ಮೇಲಿನ ಕಾಫಿ ಬಟ್ಟಲನ್ನು ಅವಳಿಂದ ದೂರಕ್ಕೆ ಸರಿಸಿದ. ಆ ಬಟ್ಟಲು ಸರಿದದ್ದು ಸ್ಮರಂದಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ದೊರಿನೆಲ್ ಎಮ್ಮೆ ಅಂದಿದ್ದ. ಎಮ್ಮೆಗಾದರೂ ಜನ ಹತ್ತಿರ ಬರುತ್ತಾರೆ.

ಎರಡು ದಿನ ಕಳೆದವು. ಹತ್ತು ಗಂಟೆಗೆ ಬೆಲ್ಟು ನಿಲ್ಲಲಿಲ್ಲ. ಒದ್ದೆ ಕಾಲುಚೀಲಗಳು ಪಾಳಿ ಮುಗಿಯುವವರೆಗೂ ಒದ್ದೆಯಾಗಿಯೇ ಇದ್ದವು. ಕೋಣೆಯಲ್ಲಿ ನಗು ಹೋಗಿ ಜಗಳ ಬಂತು. ಉಪಾಯ ಹೇಳಿದವಳು ನೀನು ಎಂದು ಒಬ್ಬರು ಪರಸ್ಕಿವಳನ್ನು ದೂರಿದರೆ, ಆ ಹುಡುಗಿಯೇ ಮೇಸ್ತ್ರಿಗೆ ಮೊದಲೇ ಹೇಳಿರಬೇಕು ಎಂದು ಇನ್ನೊಬ್ಬರು ಮಿರಾಬೆಲಳ ಕಡೆ ಬೆರಳು ತೋರಿದರು. ಮಿರಾಬೆಲ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಹಿಮ್ಮಡಿಯಲ್ಲೂ ಮೊದಲ ಬೊಬ್ಬೆ ಎದ್ದಿತ್ತು. ಸ್ಮರಂದಳ ಹೆಬ್ಬೆರಳಿನಿಂದ ವಾಸನೆ ಬರತೊಡಗಿತ್ತು, ಕೆಂಪು ಗೆರೆಯೊಂದು ಪಾದದ ಮೇಲಕ್ಕೆ ಏರುತ್ತಿತ್ತು. ಆ ಗೆರೆ ಏನೆಂದು ಅವಳಿಗೆ ಗೊತ್ತಿತ್ತು. ಅವಳ ಗಂಡನ ಕಾಲಿನಲ್ಲೂ ಅಂಥದೇ ಏರಿತ್ತು, ಅವನನ್ನು ಮಣ್ಣು ಮಾಡುವ ಮೊದಲು.

ಶುಕ್ರವಾರ ಗೋಡೆಯ ಗಡಿಯಾರ ಹತ್ತು ತೋರಿಸಿದಾಗ ಸ್ಮರಂದ ಚಾಕುವನ್ನು ಮೇಜಿನ ಮೇಲಿಟ್ಟಳು. ಕೈಗವಸು ಕಳಚಿದಳು. ಅಂಚಿಗೆ ಒರಗಿಕೊಂಡು ಎಡಗಾಲಿನ ಬೂಟನ್ನು ಹಿಂಡಿ ಹಿಂಡಿ ಎಳೆದು ನೆಲಕ್ಕೆ ಹಾಕಿದಳು. ಕಾಲುಚೀಲ ಗಾಯಕ್ಕೆ ಅಂಟಿಕೊಂಡಿತ್ತು, ಅದನ್ನೂ ಕಿತ್ತಳು. ಆಮೇಲೆ ಎರಡು ಕೈಯಿಂದ ಮೊಣಕಾಲು ಎತ್ತಿ, ತನ್ನ ಬರಿಯ ಪಾದವನ್ನು ಬೆಲ್ಟಿನ ಮೇಲೆ, ತೊಡೆ ಮಾಂಸಗಳ ನಡುವೆ ಇಟ್ಟಳು.

ಬೆಲ್ಟು ಪಾದವನ್ನು ಒಯ್ಯತೊಡಗಿತು. ಅವಳು ಮೇಜಿನ ಅಂಚು ಹಿಡಿದು ಒಂಟಿಕಾಲಲ್ಲಿ ಅದರ ಜೊತೆ ಕುಪ್ಪಳಿಸಿದಳು. ಮುಂದಿದ್ದ ಹೆಂಗಸು ಕಿಟಾರನೆ ಕಿರುಚಿ ಹಿಂದೆ ಸರಿದಳು. ದೊರಿನೆಲ್ ಓಡಿ ಬಂದ, ಬಾಯಿ ತೆರೆದ, ಅವನಿಗೆ ಬೈಗುಳ ಸಿಗಲಿಲ್ಲ. ಕೆಂಪು ಗುಂಡಿ ಒತ್ತಿದ್ದು ಅವನೇ. ಬೆಲ್ಟು ನಿಂತಿತು. ಹೆಂಗಸೊಬ್ಬಳ ಕಾಲು ಮುಟ್ಟಿದ ಬೆಲ್ಟಿನ ಮೇಲಿದ್ದ ಮಾಂಸವೆಲ್ಲ ಇನ್ನು ಕಸದ ತೊಟ್ಟಿಗೆ ಹೋಗಬೇಕು, ಬೆಲ್ಟನ್ನು ತೊಳೆಯಬೇಕು, ಪಾಳಿ ಮುಗಿಯಿತು ಎಂದೇ ಲೆಕ್ಕ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹೋಲ್ಟ್‌ಕಾಂಪ್ ಬಂದಾಗ ಅವಳು ಹಾಗೇ ನಿಂತಿದ್ದಳು. ಉಗುರಿಲ್ಲದ ಬೆರಳನ್ನು ಅವನು ನೋಡಿದ, ಮೇಲೇರಿದ ಗೆರೆಯನ್ನು ನೋಡಿದ, ತಕ್ಷಣ ಬೇರೆ ಕಡೆ ತಿರುಗಿದ. ಕಾಲು ತೆಗೆಯಲು ಹೇಳು ಎಂದ ದೊರಿನೆಲ್‌ಗೆ. ಅದು ಕೂಗಾಗಿತ್ತು. ಅವನು ದನಿ ಎತ್ತಿದ್ದನ್ನು ಅವರು ಕೇಳಿದ್ದು ಅದೇ ಮೊದಲು.

"ತೆಗಿಯೇ ಕಾಲ್ನ, ಮುಂಡೆ," ಎಂದ ದೊರಿನೆಲ್. "ಕೆಲ್ಸ ಓಯ್ತು ನಿಂದು. ಸಂಜೆಗೆ ಮಂಚಾನೂ ಇಲ್ಲ."

"ಓಗ್ಲಿ," ಎಂದಳು ಸ್ಮರಂದ. "ಆವಮ್ಮನ್ನ ಕರ್ಸು. ಸ್ಮರಂದನ ಕಾಲು ಇದು, ಅವ್ಳು ನೋಡಿದ್ದು ಬೇರೆಯೋರ್ದು. ಬಂದು ನೋಡೋಗಂಟ ಈ ಕಾಲು ಇಲ್ಲೇ ಇರ್ತದೆ. ಅಂಗಂತ ದೊರೆಗೆ ಏಳು. ಮಾತ್ನ ನೆಟ್ಟಗೆ ತಿರುಗ್ಸು ಈ ಸಲ."

ದೊರಿನೆಲ್ ಹೇಳಲಿಲ್ಲ. ಆ ಸಾಲಿನ ಕೊನೆಯಿಂದ ಹೇಳಿದವಳು ಮಿರಾಬೆಲ. ತಿಂಗಳೊಪ್ಪತ್ತಿನ ಹರಕು ಜರ್ಮನ್‌ನಲ್ಲಿ, ನಡುಗುವ ದನಿಯಲ್ಲಿ, ಅದು ಅವಳ ಕಾಲು, ಆವತ್ತು ತೋರಿಸಿದ್ದು ನನ್ನದು, ಆರು ಸಲವೂ ನನ್ನದೇ ಎಂದಳು. ಹೋಲ್ಟ್‌ಕಾಂಪ್ ದೊರಿನೆಲ್‌ನತ್ತ ನೋಡಿದ. ದೊರಿನೆಲ್ ನೆಲ ನೋಡಿದ. ಅವರಿಬ್ಬರ ನಡುವೆ ಯಾರಿಗೆ ಎಷ್ಟು ಮೊದಲೇ ಗೊತ್ತಿತ್ತು ಎಂಬುದು ಆ ನೋಟದಲ್ಲಿ ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಪರಸ್ಕಿವ ಒದ್ದೆ ನೆಲದ ಮೇಲೆ ಕುಳಿತು, ತಾನೂ ಕಾಲು ತೋರಿಸಲೆಂದು ತನ್ನ ಬೂಟು ಎಳೆಯುತ್ತಿದ್ದಳು. ಪಾದ ಊದಿಕೊಂಡಿತ್ತು, ಬೂಟು ಬರಲಿಲ್ಲ. ಮಿರಾಬೆಲ ಬಂದು ಎಳೆದರೂ ಬರಲಿಲ್ಲ. ಪರಸ್ಕಿವ ಮೂಳೆ ಬಿಡಿಸುವ ಚಾಕುವನ್ನು ಕೈಗೆತ್ತಿಕೊಂಡಳು. ಹೋಲ್ಟ್‌ಕಾಂಪ್ ಎರಡು ಹೆಜ್ಜೆ ಹಿಂದೆ ಸರಿದು ಜೇಬಿನಿಂದ ಫೋನು ತೆಗೆದ. ಡಾಕ್ಟರಿಗೋ ಪೊಲೀಸರಿಗೋ, ಯಾರಿಗೆ ಮಾಡುತ್ತಿದ್ದಾನೆಂದು ಯಾರೂ ತಲೆಯೆತ್ತಿ ನೋಡಲಿಲ್ಲ. ಸಾಲಿನುದ್ದಕ್ಕೂ ಹೆಂಗಸರು ಬಗ್ಗಿ ಕಂಪನಿಯ ಬೂಟುಗಳಿಗೆ ಚಾಕು ಹಾಕಿದ್ದರು. ಮೊಣಕಾಲ ಕೆಳಗಿನಿಂದ ಪಾದದವರೆಗೆ ರಬ್ಬರು ಸಲೀಸಾಗಿ ಸೀಳಿ ಬರುತ್ತಿತ್ತು, ಉಕ್ಕಿನ ಹತ್ತಿರ ಬಂದು ಚಾಕು ನಿಲ್ಲುತ್ತಿತ್ತು. ಅಲ್ಲಿ ಅವರು ಎರಡು ಕೈ ಹಾಕಿ ಎಳೆಯುತ್ತಿದ್ದರು.